ತಾಯಿ ಕಡೆಯಿಂದ ಬಂದದ್ದು

ಬಸ್ ನಿಲ್ದಾಣದ ಬೆಂಚಿನ ಮೇಲೆ ನನ್ನ ಪಕ್ಕ ತಾಯಿ ಮಗಳು ಕೂತಿದ್ದರು. ಮಗಳದು ಸಂಶೋಧನೆಯ ಕೆಲಸ ಇರಬೇಕು. ಅವಳ ಐಸ್ ಡಬ್ಬಿಯನ್ನು ತಾಯಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದರು. ಕದ್ದು ಕೇಳುವುದು ತಪ್ಪು, ಆದರೆ ಬೆಂಚು ಚಿಕ್ಕದು.

“ಇದ್ರಲ್ಲಿ ಏನಿದೆಯೇ?”

“ಬಾವಲಿ ರೆಕ್ಕೆ ಚೂರಮ್ಮ. ಒಂದೇ ಬಾವಲಿ ಮೈಯಲ್ಲಿ ಎರಡು ಥರದ ಮೈಟೊಕಾಂಡ್ರಿಯ ಡಿಎನ್‌ಎ ಸಿಕ್ತು. ಒಂದೇ ಥರ ಇರುತ್ತೆ ಅಂತ ಎಲ್ರೂ ಅಂದ್ಕೊಂಡಿರ್ತಾರೆ. ನಮ್ಮ ಗೈಡ್ ಮೇಡಂ ನೋಡಿದ್ದೇ, ‘ನಿನ್ನ ಕೈ ಕೊಳೆ, ಬೇರೆ ಬಾವಲೀದು ಬೆರೆಸಿದೀಯ’ ಅಂದ್ರು.”

“ಬೆರೆಸಿದ್ಯಾ?”

“ಅಮ್ಮಾ! ಅದರ ಮರೀಲೂ ಅವೆರಡೇ ಇವೆ. ನನ್ನ ಕೈ ಕೊಳೆ ಮರಿಗೂ ಹೋಗುತ್ತಾ? ಇವತ್ತು ಅದನ್ನೇ ತೋರಿಸ್ತೀನಿ. ಈ ಡಿಎನ್‌ಎ ತಾಯಿಯಿಂದಾನೇ ಬರೋದು, ಅಪ್ಪ ಲೆಕ್ಕಕ್ಕೇ ಇಲ್ಲ.”

“ನಿಮ್ಮಪ್ಪನ ಮುಂದೆ ಅನ್ಬೇಡ, ಊಟ ಬಿಟ್ಟಾರು. ಎರಡಿದ್ರೆ ಏನೀಗ?”

“ಒಂದು ಮರಿಗೆ ಇದು ಜಾಸ್ತಿ, ಇನ್ನೊಂದಕ್ಕೆ ಅದು ಜಾಸ್ತಿ ಹೋಗುತ್ತೆ. ಹೊಸ ಥರದ್ದು ಹುಟ್ಟಿದಾಗ ಮೊದಲು ಹಳೇದರ ಜೊತೆಗೇ ಇರುತ್ತೆ. ತಲೆಮಾರು ಕಳೆದ ಮೇಲೆ ಹೊಸದೇ ಉಳಿದ್ರೆ, ಆ ವಂಶಾನೇ ಬೇರೆ ದಾರಿ ಹಿಡೀಬಹುದು.”

“ನಾನೂ ಹಾಗೇ ಹಂಚಿದೀನಿ ಬಿಡು. ನಿಮ್ಮಕ್ಕಂಗೆ ತಾಳ್ಮೆ, ನಿಂಗೆ ಮೂಗಿನ ತುದೀಲಿ ಸಿಟ್ಟು.”

“ಸಿಟ್ಟು ಅದ್ರಲ್ಲಿ ಬರಲ್ಲಮ್ಮ.”

“ಮತ್ತೆ ಎಲ್ಲಿಂದ ಬಂತು? ಅಪ್ಪ ಲೆಕ್ಕಕ್ಕಿಲ್ಲ ಅಂದ್ಯಲ್ಲ!”

ಬಸ್ಸು ಬಂತು. ಮಗಳು ಡಬ್ಬಿ ಎತ್ತಿಕೊಂಡು ಹತ್ತಿದಳು. ತಾಯಿ ಅವಳ ಕಿಟಕಿಯ ಕೆಳಗೆ ನಿಂತು, ಬಸ್ಸು ಹೊರಟರೂ ಬಿಡದೆ ಕೂಗಿದರು:

“ಇನ್ನೊಂದ್ಸಲ ಕೈ ಕೊಳೆ ಅಂದ್ರೆ, ಕೈ ತೊಳೆಯೋದು ಕಲಿಸಿದ್ದು ನಮ್ಮಮ್ಮ ಅಂತ ಹೇಳು!”