ಬೇಕರಿ ಗೋಡೆಯ ಹಿಂದಿನ ಲಾಂಡ್ರಿ

ಬೆಟ್ಟದೂರಿನ ಬಸ್ ನಿಲ್ದಾಣದ ಸಾಲಿನಲ್ಲಿ ನನ್ನ ಮುಂದಿದ್ದವರು ಲಾಂಡ್ರಿ ನಡೆಸುವ ಹೆಂಗಸು ಮತ್ತು ಅವಳನ್ನು ವಾಪಸ್ ಕರೆದೊಯ್ಯಲು ಬಂದ ಅವಳ ಭಾವ.

“ಈ ಮಂಜಲ್ಲಿ ಬಟ್ಟೆ ಒಣಗಲ್ಲ ಅಂತ ಆವತ್ತೇ ಬಡ್ಕೊಂಡೆ. ಅಂಗಡಿ ಮುಚ್ಚಿ ನಡಿಯಮ್ಮ.”

“ಈಗ ಒಣಗ್ತವೆ ಭಾವ. ಬೇಕರಿ ಒಲೆ ಹಿಂದಿನ ರೂಮು ಹಿಡಿದಿದೀನಿ. ಗೋಡೆ ಸದಾ ಬೆಚ್ಚಗಿರುತ್ತೆ.”

“ಹೋಟೆಲಿನವರ ಬೆಡ್‌ಶೀಟೆಲ್ಲ ಬ್ರೆಡ್ ವಾಸನೆ ಹೊಡೆಯಲ್ವಾ?”

“ಹೊಡೆಯುತ್ತೆ. ಮ್ಯಾನೇಜರ್ ಕರೆಸಿದಾಗ ನನ್ನ ಕಥೆ ಮುಗೀತು ಅಂದ್ಕೊಂಡೆ.”

“ಉಗಿದ್ರಾ?”

“ಎಲ್ಲಿ! ಗೆಸ್ಟುಗಳು ಆ ವಾಸನೆ ಶೀಟೇ ಬೇಕು ಅಂತ ಹಟ ಹಿಡೀತಾರಂತೆ. ಈಗ ಈ ಊರಿನ ಹೋಟೆಲೆಲ್ಲಾ ನನ್ನವೇ!”

ಬಸ್ಸು ಬಂತು. ಭಾವನ ಚೀಲವೊಂದನ್ನೇ ಒಳಗಿಟ್ಟು ಅವಳು ಕೆಳಗಿಳಿದಳು.

“ಮುಂದಿನ ಸಲ ಅಕ್ಕನ್ನೂ ಕರ್ಕೊಂಡು ಬನ್ನಿ. ನಿಮಗೂ ಒಂದು ಇಸ್ತ್ರಿಪೆಟ್ಟಿಗೆ ಎತ್ತಿಟ್ಟಿರ್ತೀನಿ!”

ಬಸ್ಸು ಹೊರಟಾಗ ಭಾವ ಕಿಟಕಿಯಿಂದ ತಲೆ ಹೊರಹಾಕಿದ.

“ಇದ್ದಿಲಿಂದಾ, ಕರೆಂಟಿಂದಾ?”