ಹಣಮವ್ವ ಕೇಳಿದ ಮಾತು

ದೀಪ ಸಣ್ಣ ಮಾಡ್ರಿ, ಹೇಳತೇನಿ. ಇದು ನಮ್ಮ ಸತ್ತೆಪ್ಪ ಕಾಕಾಗ ಆಗಿದ್ದು. ಬ್ರಿಟಿಷರ ಕಾಲ. ಬೆಲ್ಲದ ಬಾಗೇವಾಡಿಗೆ ಕಾಲರಾ ಬಂದ ವರ್ಷ.

ಅವತ್ತ ಕಾಕಾ ಕೆಲಸ ಮುಗಿಸಿ ಮನಿಗೆ ಹೊಂಟಾಗ ಊರೆಲ್ಲಾ ಮಲಗಿತ್ತು. ದಾರಿ ಬಾಜೂಕ ಆಲದಮರ, ಅದರ ಬುಡಕ್ಕ ಹಳೇ ಬಾವಿ. ಹತ್ರ ಬಂದಾಗ ಬಾವಿ ಗಾಲಿ ತಿರುಗಿದ ಸಪ್ಪಳ... ಕಿರ್ರ್... ಕಿರ್ರ್... ಆಮ್ಯಾಲೆ ಕೆಳಗ ಕೊಡ ಮುಳುಗಿದ್ದು. ಬುಳುಕ್... ಬುಳುಕ್...

ಕಾಕಾ ನಿಂತಬಿಟ್ಟ. ಹುಕ್ಕೇರಿಯಿಂದ ಬಂದ ಸರಕಾರದ ಮಂದಿ ಆ ಬಾವಿಗೆ ಮುಳ್ಳ ಹಚ್ಚಿ ಮುಚ್ಚಿಸಿದ್ರು. ಹಗ್ಗಾನೂ ಬಿಚ್ಚಿ ಒಯ್ದಿದ್ರು.

ಕತ್ತಲಾಗ ಯಾರೋ ಮೆಲ್ಲಕ ಕೇಳಿದ್ರು.

"ಸತ್ತೆಪ್ಪಾ... ಈ ನೀರ ಕುಡೀಬಹುದೇನೋ ತಮ್ಮಾ?"

ಹಣಮವ್ವನ ದನಿ. ಹಿಂದಿನ ವಾರನ ಆಕೀನ್ನ ಮಣ್ಣ ಮಾಡಿ ಬಂದಿದ್ರು. ಕಾಕಾ ತನ್ನ ಕೈಯಾರೆ ಹಿಡಿಮಣ್ಣ ಹಾಕಿದ್ದ.

ಹಣಮವ್ವ ಅಂದ್ರ ಬಾಜೂ ಮನಿಯಾಕಿ. ತಾಯಿ ಇಲ್ಲದ ಕಾಕಾಗ ರೊಟ್ಟಿ ಬಡದ ಹಾಕಿ ದೊಡ್ಡಾಂವನ್ನ ಮಾಡಿದಾಕಿ. ಕಾಕಾ ಆಕಿಗೆ ಚಿಗವ್ವ ಅಂತಿದ್ದ.

ಆಗಿದ್ದು ಏನಂದ್ರ... ಕಾಕಾ ಪುಣೇದಾಗ ವಿಜ್ಞಾನ ಓದಿ ಬಂದಿದ್ದ. ಕಾಲರಾ ಬಂದ ಮ್ಯಾಲೆ ಒಬ್ಬ ಡಾಕ್ಟರು ಊರಾಗ ಖಾಲಿ ಮನಿ ಹಿಡದು ಪ್ರಯೋಗಶಾಲೆ ಮಾಡಿದ್ರು, ಕಾಕಾನ್ನ ಜೋಡಿ ಇಟಗೊಂಡ್ರು. ಒಂದ ಗಾಜಿನ ಬಟ್ಟಲಾಗ ಎರಡ ಥರದ ಜೀವಾಣು ಕೂಡಿಸಿ ಬೆಳಸೂದು. ಒಂದು ಇನ್ನೊಂದನ್ನ ಬೆಳ್ಯಾಕ ಬಿಡತೈತೋ, ತುಳಿತೈತೋ ನೋಡೂದು. ಕಾಕಾ ಕಾಲರಾದ ಜೀವಾಣುವಿನ ಜೋಡಿ ಆಲದಮರದ ಬಾವಿ ನೀರಾಗ ಸಿಕ್ಕ ಬ್ಯಾರೆ ಜೀವಾಣು ಹಚ್ಚಿದ. ಮುಂಜಾನೆ ನೋಡಿದ್ರ ಬಟ್ಟಲ ತುಂಬ ಕಾಲರಾ ಹಬ್ಬಿತ್ತು. ಬಾವಿ ಜೀವಾಣುವಿನ ಸುತ್ತ ಮಾತ್ರ, ಹೊಲಕ್ಕ ಬದುವು ಹಾಕಿಧಂಗ, ಖಾಲಿ ಜಾಗ ಉಳದಿತ್ತು.

"ಬಟ್ಟಲಿನ ಮಾತು ಬೇರೆ, ಬಾವಿ ಮಾತು ಬೇರೆ," ಅಂದ್ರು ಡಾಕ್ಟರು. "ಇನ್ನೂ ನೋಡಬೇಕು. ಊರಾಗ ಯಾರ ಮುಂದೂ ಆಡಬ್ಯಾಡ."

ಆದ್ರ ಕಾಕಾಗ ಖುಷಿ ತಡೀಲಿಲ್ಲ. ಅವತ್ತ ಸಂಜಿಮುಂದ ಹಣಮವ್ವ ಹಸಿ ಕಟಿಗಿ ಊದಿ ಊದಿ ಕುಡಿಯೂ ನೀರ ಕಾಸಾಕತ್ತಿದ್ಲು. ಕಣ್ಣಾಗೆಲ್ಲಾ ಹೊಗಿ.

"ಆಲದಮರದ ಬಾವಿ ನೀರ ಹಂಗ ಕುಡಿ ಚಿಗವ್ವಾ," ಅಂದ ಕಾಕಾ. "ಅದರಾಗ ಕಾಲರಾ ಬದುಕೂದಿಲ್ಲ. ನಾನ ನೋಡೇನಿ."

ಆಕಿ ಒಲಿ ಆರಿಸಿದ್ಲು.

ಅದೇ ವಾರ ಆಕಿಗೆ ಕಾಲರಾ ಹಿಡೀತು. ಮುಂಜಾನೆ ಹಾಸಿಗಿ ಹಿಡದಾಕಿ ಸಂಜಿಗೆ ಇರಲಿಲ್ಲ. ಕಾಕಾ ಆ ಬಾವಿ ನೀರ ತಂದು ಮತ್ತ ನೋಡಿದ. ಕಾಲರಾನೂ ಇತ್ತು, ಆ ಇನ್ನೊಂದೂ ಇತ್ತು. ಎರಡೂ ಆರಾಮ ಬದುಕಿದ್ವು. ಡಾಕ್ಟರು ಸರಕಾರದ ಮಂದೀನ್ನ ಕರಸಿ ಬಾವಿ ಮುಚ್ಚಿಸಿದ್ರು. ತಾ ಹೇಳಿದ ಮಾತು ಮಾತ್ರ ಕಾಕಾ ಯಾರಿಗೂ ಹೇಳಲಿಲ್ಲ. ಆಕಿ ಗಂಡ ಯಲ್ಲಪ್ಪನ ಮುಖ ಕಂಡ್ರ ಬ್ಯಾರೆ ಓಣಿ ಹಿಡಿಯಾಂವ.

ಈಗ ಬಾವಿ ಮುಂದ ಅದೇ ದನಿ.

"ಕುಡೀಬಹುದೇನೋ...?"



"ಬ್ಯಾಡ ಚಿಗವ್ವಾ," ಅಂದ ಕಾಕಾ. "ನಾ ತಪ್ಪ ಹೇಳಿದ್ದೆ. ಪೂರ್ತಿ ತಿಳೀದನ ಹೇಳಿದ್ದೆ."

ಕೊಡ ಬಗ್ಗಿಸಿ ನೀರ ತಿರುಗಿ ಬಾವಿಗೆ ಸುರುವಿದ ಸಪ್ಪಳ. ಸುರ್ರ್... ಭಾಳ ಹೊತ್ತಿನ ತನಕ.

ಕಾಕಾ ಸೀದಾ ಹೋಗಿ ಯಲ್ಲಪ್ಪನ ಕದಾ ಬಡದ. ಹೊಸ್ತಲದಾಗ ನಿಂತು ಎಲ್ಲಾ ಹೇಳಿದ. ಯಲ್ಲಪ್ಪ ತಲಿ ಬಗ್ಗಿಸಿ ಕೇಳಿದ.

"ನನಗ ಗೊತ್ತೈತಿ," ಅಂದ ಕಡಿಕ. "ಆಕಿ ಸಾಯೂಮುಂದ ಹೇಳಿದ್ಲು. ನೀರಿನ ಮಾತ ಹೊರಗ ಆಡಬ್ಯಾಡ್ರಿ, ಹುಡುಗ ನೊಂದಕೊಂಡಾನು ಅಂದ್ಲು."

ಬೈದಿದ್ರ ಕಾಕಾನ ಮನಸ ಹಗರ ಆಗತಿತ್ತು.

ಮುಂಜಾನೆ ಕಾಕಾ, ಡಾಕ್ಟರು ಕೂಡೇ ಪ್ರಯೋಗಶಾಲೆಗೆ ಹೋದ್ರು. ಕೀಲಿ ಹಾಕಿದ್ದು ಹಾಕಿಧಂಗ ಇತ್ತು. ತಗದು ನೋಡಿದ್ರ... ಗಾಜಿನ ಬಟ್ಟಲೆಲ್ಲಾ ಬೂದಿ ಹಚ್ಚಿ ತಿಕ್ಕಿ, ತೊಳದು, ನೆಲದ ಮ್ಯಾಲೆ ಸಾಲಾಗಿ ಬೋರಲ ಹಾಕಿದ್ವು. ನೀರಿನ್ನೂ ಇಳೀತಿತ್ತು.

ಸುಳ್ಳಲ್ರಿ, ಖರೆ. ಕಾಕಾ ನನ್ನ ಕೈ ಹಿಡದ ಹೇಳ್ಯಾನ. ಆ ಪ್ರಯೋಗಶಾಲೆ ಮನ್ಯಾಗ ಒಲೀನ ಇರಲಿಲ್ಲ, ಬರೇ ಚಿಮಣಿ ಎಣ್ಣಿ ಸ್ಟೋವ್. ಬೂದಿ ಎಲ್ಲಿಂದ ಬಂತು?