ಹೆಸರಿಲ್ಲದ ವಾಲ್ಯೂಮ್

ಇದು ನಮ್ಮ ಚಿಕ್ಕಮ್ಮನ ಮಗಳಿಗೆ ಆದದ್ದು. ಗಾಳಿಮಾತಲ್ಲ, ಅವಳ ಬಾಯಿಂದಲೇ ಬಂದದ್ದು. ಕಣ್ಣು ಕಾಣದ ಮಕ್ಕಳಿಗಾಗಿ ಪಾಠ ಓದಿ ರೆಕಾರ್ಡ್ ಮಾಡೋದು ಅವಳ ಕೆಲಸ.

ಅವತ್ತು ರಾತ್ರಿ ಕೆಲಸ ಮುಗಿಸಿ ಮನೆಗೆ ಹೊರಟವಳು ಊರಾಚೆಯ ಹಾಳುಬಾವಿ ದಾಟಿ ಅರ್ಧ ದಾರಿ ಬಂದಿದ್ದಳು. ಬೆಳಿಗ್ಗೆ ಮಕ್ಕಳಿಗೆ ಪರೀಕ್ಷೆ, ಕೊನೇ ಪಾಠ ಕಳಿಸೇ ಇಲ್ಲ ಅಂತ ನೆನಪಾಯ್ತು. ತಿರುಗಿ ಹೋದಳು. ರೆಕಾರ್ಡಿಂಗ್ ಕೋಣೆ ಅಂದರೆ ಗೊತ್ತಲ್ಲ... ಕಿಟಕಿ ಇಲ್ಲ. ಒಳಗೆ ಕೂಗಿದರೆ ಹೊರಗೆ ಪಿಸುಮಾತೂ ಬರಲ್ಲ. ಬಾಗಿಲು ‘ಧಪ್’ ಅಂತ ಮುಚ್ಚಿತು.

ಅಲ್ಲಿದ್ದದ್ದು ಲಿನಕ್ಸ್ ಕಂಪ್ಯೂಟರ್. ಅದಕ್ಕೊಂದು ಚಾಳಿ. ಒಂದು ಪ್ರೋಗ್ರಾಮಿನ ಸದ್ದು ಏರಿಸಿದರೆ ಒಟ್ಟು ಸದ್ದೂ ಜತೆಗೇ ಏರುತ್ತಿತ್ತು. ಪಾಠದ ದನಿ ಸರಿಯಿದೆಯೋ ಇಲ್ಲವೋ ತಿಳಿಯಲೊಲ್ಲದು. ಮೊಬೈಲ್ ಸತ್ತಿತ್ತು. ಕಂಪ್ಯೂಟರಿನಿಂದಲೇ ಅಣ್ಣನಿಗೆ ಕರೆ ಮಾಡಿದಳು. ಅವನು ಕಂಪ್ಯೂಟರ್ ರಿಪೇರಿಯವನು.

“ಈ ಹೊತ್ತಲ್ಲಿ ದೆವ್ವಗಳೂ ಮಲಗಿರ್ತವೆ ಕಣೇ! ಸೆಟ್ಟಿಂಗ್ ಫೈಲಲ್ಲಿ ‘ಫ್ಲಾಟ್ ವಾಲ್ಯೂಮ್ಸ್’ ಅಂತಿದೆ ನೋಡು, ಅದಕ್ಕೆ ‘ನೋ’ ಹಾಕು. ಒಂದರ ಸದ್ದಿಗೆ ಇನ್ನೊಂದು ಬಿಗಿದಿರೋ ಗಂಟು ಬಿಚ್ಚುತ್ತೆ. ಆಮೇಲೆ ಸೌಂಡ್ ಸರ್ವಿಸ್ ಮತ್ತೆ ಶುರು ಮಾಡು.”

ಮಾಡಿದಳು. ‘ಟಕ್’... ಅಣ್ಣನ ದನಿ ಹೋಗಿ ಮತ್ತೆ ಬಂತು.

ಒಂದೊಂದರ ಸದ್ದನ್ನೂ ಏರಿಸಿ ಇಳಿಸೋ ಮಿಕ್ಸರ್ ಪರದೆ ತೆರೆದರೆ ಮೂರು ಗೆರೆ. ಒಂದು ಅಣ್ಣನ ಕರೆ. ಒಂದು ಪಾಠ. ಮೂರನೆಯದಕ್ಕೆ ಹೆಸರಿಲ್ಲ... ತಾನಾಗಿ ಏರುತ್ತಿತ್ತು. ಹೆಡ್‌ಫೋನಿನಲ್ಲಿ ‘ಹಾಃ... ಹಾಃ...’ ಬಾಯಿ ತೆರೆದು ಬಿಟ್ಟ ಉಸಿರು.

ಅದನ್ನು ಇಳಿಸಿದಳು. ಅಣ್ಣನ ದನಿಯೂ ಇಳಿಯಿತು. ಅಣ್ಣನ ದನಿ ಏರಿಸಿದಳು. ಅದೂ ಏರಿತು.

“ಅಣ್ಣಾ... ಗಂಟು ಬಿಚ್ಚಿಲ್ಲ.”

“ನಿನ್ನ ಪಕ್ಕ ಯಾರೇ ಇರೋದು?” ಅಣ್ಣ ಪಿಸುಗುಟ್ಟಿದ.

ಬಾಗಿಲಿಗೆ ಹಾರಿದಳು. ಹಿಡಿ ತಿರುಗಿತು, ಎಷ್ಟು ಎಳೆದರೂ ಬಾಗಿಲು ಅಲುಗಲಿಲ್ಲ. ತಿರುಗಿ ಬಂದು ಹೆಡ್‌ಫೋನಿನ ವೈರು ಕಿತ್ತಳು. ಉಸಿರು ಸ್ಪೀಕರಿನಿಂದ ಬಂತು.

“ಇನ್ನೂ... ಸ್ವಲ್ಪ... ಜೋರು.”

ಗಂಡಸಿನ ದನಿಯಲ್ಲ, ಹೆಂಗಸಿನದೂ ಅಲ್ಲ. ಅದರ ಹಿಂದೆ ಅಣ್ಣನ ಕೂಗು: “ಆಫ್ ಮಾಡಬೇಡ್ವೇ, ಮಾತು ಕಡಿದುಹೋಗುತ್ತೆ! ಬಂದೆ... ಬಂದೆ!”

ಅಣ್ಣನ ಮಾತು ಬೇಕೆಂದರೆ ಅದರ ಮಾತನ್ನೂ ಕೇಳಬೇಕು. ಆಗಲಿಲ್ಲ ಅವಳ ಕೈಲಿ. ಹೆಸರಿಲ್ಲದ ಗೆರೆಯನ್ನು ಸೊನ್ನೆಗೆ ಎಳೆದು ಮೌಸ್ ಅದುಮಿ ಹಿಡಿದಳು. ಬೆರಳು ಸಡಿಲಿಸಿದರೆ ಏರುತ್ತೆ... ಕೈ ಮರಗಟ್ಟಿತು. ಏನೂ ಸದ್ದಿಲ್ಲ. ಅಣ್ಣ ಬರುತ್ತಿದ್ದಾನೋ ಇಲ್ಲವೋ, ಅದೂ ಗೊತ್ತಿಲ್ಲ.

ಬಾಗಿಲು ತೆರೆದಾಗ ಚೀರಿಬಿಟ್ಟಳು. ಅಣ್ಣನೇ. “ಸುಮ್ಮನೆ ತಳ್ಳಿದೆ, ತೆಗೀತು,” ಅಂದ. ಮೌಸಿನಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಅವನೇ ಬಿಡಿಸಬೇಕಾಯ್ತು.

ಪಾಠವನ್ನು ಅವನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ತನ್ನ ಅಂಗಡಿಯಿಂದ ಕಳಿಸಿದ. ಅವಳು ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು, ನಡೆದದ್ದಂತೂ ನಿಜ. ಮಾರನೇ ದಿನ ಅಣ್ಣ ಹೋಗಿ ನೋಡಿದ. ಅವಳ ಕುರ್ಚಿಯ ಹಿಂದೆ, ಗೋಡೆಗೆ ಹೊದಿಸಿದ ಸ್ಪಂಜಿನಲ್ಲಿ, ಬಾಯಿ ತೆರೆದು ಉಸಿರು ಬಿಟ್ಟಂತೆ ಅಂಗೈಯಗಲ ಒದ್ದೆ. ಮುಟ್ಟಿದ.

ಬೆಚ್ಚಗಿತ್ತು.